ನಂಬದವರು ಬೇಕಾಗಿದ್ದಾರೆ

ಮುತೊರೊ ಪಟ್ಟಣದ ನಲ್ಲಿಗಳಲ್ಲಿ ನೀರು ನಿಂತು ಬರೀ ಗಾಳಿ ಬರತೊಡಗಿದಾಗ ಪುರಸಭೆಯವರು ಮೊದಲು ಎಂಜಿನಿಯರನ್ನು ಕರೆಸಿದರು, ಆಮೇಲೆ ಪಾದ್ರಿಯನ್ನು ಕರೆಸಿದರು, ಕೊನೆಗೆ ಮನಶ್ಶಾಸ್ತ್ರದ ಡಾಕ್ಟರ್ ಶುವಾಯಿ ಚಿಮ್ಹಾಂಡಾ ಅವರನ್ನು ಕರೆಸಿದರು. ಎಂಜಿನಿಯರು ಕಾರಣ ಹೇಳಿ ಹೋದ. ಚಿರೊಂಗ ಅಣೆಕಟ್ಟಿನ ಜಾಕ್‌ವೆಲ್ಲಿನ, ಅಂದರೆ ಪಂಪು ನೀರೆತ್ತುವ ಬಾವಿಯ ತಳದಲ್ಲಿರುವ ಜಾಲರಿಗೆ ಜೊಂಡು, ಕಸ ಮೆತ್ತಿಕೊಂಡಿದೆ, ಯಾರಾದರೂ ಮುಳುಗಿ ಬಿಡಿಸಬೇಕು ಅಂದ. ಪಾದ್ರಿ ಪ್ರಾರ್ಥನೆ ಮಾಡಿ ಹೋದ. ಮುಳುಗುವವರು ಮಾತ್ರ ಸಿಗಲಿಲ್ಲ. ಆ ನೀರಿನಲ್ಲಿ ನ್ಜೂಜು ಇದ್ದಾಳೆ, ಸೊಂಟದಿಂದ ಮೇಲೆ ಹೆಣ್ಣು, ಕೆಳಗೆ ಮೀನು. ಹೋದ ಬೇಸಿಗೆಯಲ್ಲಿ ಇದೇ ಜಾಲರಿ ಬಿಡಿಸಲು ಇಳಿದ ಫಿಟ್ಟರ್ ಫಿನಿಯಾಸ್‌ನನ್ನು ಒಳಗೆ ಕರೆದುಕೊಂಡವಳು ಅವಳೇ ಎಂದು ನೀರು ಸರಬರಾಜಿನ ಕೆಲಸಗಾರರೆಲ್ಲ ಒಂದೇ ಮಾತು ಹೇಳಿ ದಂಡೆಯ ಮೇಲೆ ಕೂತುಬಿಟ್ಟಿದ್ದರು.

ಶುವಾಯಿಗೆ ಈ ಕರೆ ಬಂದದ್ದು ಹಬ್ಬವಾಯಿತು. ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ಕೂತು ಅವಳು ವರ್ಷಗಟ್ಟಲೆ ಒಂದೇ ವಿಷಯದ ಬೆನ್ನು ಹತ್ತಿದ್ದಳು. ದೆವ್ವ, ಮಾಟ, ನ್ಜೂಜು ಇವನ್ನೆಲ್ಲ ಯಾರು ನಂಬುತ್ತಾರೆ, ಯಾಕೆ ನಂಬುತ್ತಾರೆ? ಓದಿಗೂ ಬಡತನಕ್ಕೂ ಇದರ ಸಂಬಂಧವಿಲ್ಲ, ಎಲ್ಲ ಸ್ವಭಾವದ ಆಟ ಎಂಬುದು ಅವಳ ಸಿದ್ಧಾಂತ. ಕಲ್ಪನೆ ಹೆಚ್ಚಿದ್ದವರು, ಅಂಜಿಕೆ ಹೆಚ್ಚಿದ್ದವರು, ಯಾರು ಏನು ಹೇಳಿದರೂ ಹೂಂ ಅನ್ನುವ ಮೆತ್ತನೆಯ ಮಂದಿ ನಂಬುತ್ತಾರೆ. ಶಿಸ್ತು, ಸಮಾಧಾನ, ಎಲ್ಲವನ್ನೂ ತೂಗಿ ನೋಡುವ ಬುದ್ಧಿ ಇರುವವರು ನಂಬುವುದಿಲ್ಲ. ಈ ಎರಡನೆಯ ಬಗೆಯವರನ್ನು ವರ್ಣಿಸುವಾಗಲೆಲ್ಲ ಅವಳ ಕಣ್ಣೆದುರು ಒಬ್ಬರೇ ಬರುತ್ತಿದ್ದರು. ಅದು ಅವಳೇ. ಕರವಸ್ತ್ರಕ್ಕೂ ಇಸ್ತ್ರಿ ಹಾಕಿಸುವ ಹೆಂಗಸು ಅವಳು.

ಹೊರಡುವ ಮುಂಚೆ ಸೋದರತ್ತೆ ಫೋನ್ ಮಾಡಿದಳು. ಶೋನಾ ಜನರಲ್ಲಿ ಸೋದರತ್ತೆ ಅಂದರೆ ತೇತೆ, ತೇತೆಯ ಮಾತು ಮೀರುವ ಹಾಗಿಲ್ಲ.

“ನೀರಲ್ಲಿರೋರ ತಂಟೆಗೆ ಹೋಗ್ಬೇಡ ಕಣೇ.”

“ತೇತೆ, ಕಲ್ಪನಾಶಕ್ತೀಲಿ ನೀವು ಐದಕ್ಕೆ ಐದು.”

“ಅದ್ಯಾವ ಕಾಯಿಲೇನೇ? ಔಷಧಿ ಇದ್ಯಾ?”

ಮುತೊರೊದಲ್ಲಿ ಪುರಸಭೆಯ ಮುಖ್ಯಾಧಿಕಾರಿ ಮಜರುರಾ ಅವಳನ್ನು ಬಾಗಿಲಿಗೇ ಬಂದು ಎದುರುಗೊಂಡ. ಊರಿಗೆ ಊರೇ ಬಿಂದಿಗೆ ಹಿಡಿದು ಅಲೆಯುತ್ತಿದ್ದಾಗ ಅವನ ಕೋಣೆಯ ಫ್ರಿಜ್ಜಿನಿಂದ ತಣ್ಣನೆಯ ಕಿತ್ತಳೆ ಪಾನೀಯ ಬಂತು. ಗೋಡೆಯ ಮೇಲೆ ಮಂತ್ರಿಯೊಬ್ಬರು ಕಾರಂಜಿ ಉದ್ಘಾಟಿಸುತ್ತಿರುವ ದೊಡ್ಡ ಫೋಟೊ. ಅದರಲ್ಲಿ ಕಾರಂಜಿಗಿಂತ ಮಜರುರಾನೇ ಹೆಚ್ಚು ಜಾಗ ಹಿಡಿದಿದ್ದ.

“ನೋಡಿ ಮೇಡಂ, ನಾನು ಓದಿದೋನು. ನನಗೆ ಈ ನ್ಜೂಜು ಗಿಜೂಜು ಎಲ್ಲ ಏನಿಲ್ಲ. ಆದ್ರೆ ಕೆಲಸದೋರು ನಂಬ್ತಾರಲ್ಲ, ಏನ್ ಮಾಡ್ಲಿ? ನಂಬದೋರನ್ನ ನೀವು ಆರಿಸಿ ಕೊಡಿ. ಅವ್ರು ಇಳೀತಾರೆ, ಕಸ ತೆಗೀತಾರೆ, ನೀರು ಬರುತ್ತೆ.”

“ಫಿನಿಯಾಸ್ ಅನ್ನೋರು ಹೇಗೆ ತೀರ್ಕೊಂಡ್ರು?”

ಮಜರುರಾ ದನಿ ತಗ್ಗಿಸಿದ. “ತೀರ್ಕೊಂಡ್ರು ಅನ್ಬಾರ್ದು ಮೇಡಂ, ಅವ್ರ ಮನೆಯೋರಿಗೆ ಬೇಜಾರಾಗುತ್ತೆ. ಪೊಲೀಸ್ರು ದೋಣೀಲಿ ಹೋಗಿ ನೋಡಿದ್ರು, ಹೆಣ ಸಿಗ್ಲಿಲ್ಲ. ನ್ಜೂಜು ಕರ್ಕೊಂಡ್ಹೋದೋರು ನೀರಿನಡೀಲಿ ಮದ್ದು ಕಲ್ತು ಬರ್ತಾರಂತೆ, ಅವ್ರಿಗೆ ಅಳಬಾರ್ದು, ಅತ್ರೆ ವಾಪಸ್ ಬರಲ್ಲ ಅಂತ ಇವ್ರ ಪದ್ಧತಿ. ನಾವು ಪದ್ಧತೀನ ಗೌರವಿಸಿದ್ವಿ. ಪುರಸಭೆ ವತಿಯಿಂದ ರಾಗಿ ಹೆಂಡ ಕೊಟ್ವಿ, ಒಂದು ಮೇಕೆ ಕೊಟ್ವಿ. ಆ ಹೆಂಡ್ತಿ ಇವತ್ತಿನ ತನಕ ಒಂದು ತೊಟ್ಟು ಕಣ್ಣೀರು ಹಾಕಿಲ್ಲ. ಬಹಳ ಒಳ್ಳೇ ಹೆಂಗಸು.”

ಎಷ್ಟು ತಿಳಿದ ಮನುಷ್ಯ, ಜನರ ಭಾವನೆಗೆ ಎಷ್ಟು ಬೆಲೆ ಕೊಡುತ್ತಾನೆ ಅಂದುಕೊಂಡಳು ಶುವಾಯಿ.

ಪರೀಕ್ಷೆ ಪುರಸಭೆಯ ಸಭಾಂಗಣದಲ್ಲಿ ನಡೆಯಿತು. ಕೆಲಸ ಸಿಗಬಹುದೆಂದು ಅರ್ಧ ಊರು ಬಂದಿತ್ತು. ಶುವಾಯಿ ಪ್ರಶ್ನೆ ಓದುವುದು, ಅವರು ಒಂದರಿಂದ ಐದರೊಳಗೆ ಒಂದು ಅಂಕಿ ಹೇಳುವುದು. ‘ನಾನು ಇತರರನ್ನು ಸುಲಭವಾಗಿ ನಂಬುತ್ತೇನೆ’ ಎಂಬ ಪ್ರಶ್ನೆ ಬಂದಾಗ ಮುಂದಿನ ಸಾಲಿನ ದಪ್ಪ ಹೆಂಗಸೊಬ್ಬಳು ನಕ್ಕುಬಿಟ್ಟಳು.

“ನಂಬದಿದ್ರೆ ಹೆಂಗಮ್ಮ ಬದುಕೋದು? ಬಸ್ ಹತ್ತಿದ್ರೆ ಡ್ರೈವರ್‌ನ ನಂಬ್ಬೇಕು. ಮಲಗಿದ್ರೆ ಗಂಡನ್ನ ನಂಬ್ಬೇಕು. ಐದು ಹಾಕ್ಕಳಿ. ಗಂಡಂದು ಬೇಕಾದ್ರೆ ನಾಲ್ಕು ಮಾಡಿ.”

ಹಿಂದಿನಿಂದ ಒಬ್ಬ ಎದ್ದು ನಿಂತ. ಒಣಕಲು ಮೈ, ಒಂದು ಕಿವಿ ಅರ್ಧ ಹರಿದಿತ್ತು. ಹಾರ್ಡ್‌ಲೈಫ್ ಎಂಬುದು ಅವನ ಹೆಸರು. ಹುಟ್ಟಿದಾಗ ಮನೆಯಲ್ಲಿ ಕಷ್ಟವಿತ್ತೆಂದು ಅಪ್ಪ ಆ ಹೆಸರಿಟ್ಟಿದ್ದ. ಮೊದಲು ಚಿನ್ನದ ಗಣಿಯಲ್ಲಿದ್ದವನು, ಮೇಸ್ತ್ರಿಯ ಜೊತೆ ಜಗಳವಾಡಿ ಬಿಟ್ಟವನು.

“ಇತರರು ಅಂದ್ರೆ ಯಾರು? ಹೆಸರು ಹೇಳಿ.”

“ಸಾಮಾನ್ಯವಾಗಿ ಎಲ್ಲರೂ...”

“ಎಲ್ಲರೂ ಅನ್ನೋನು ನಮ್ಮೂರಲ್ಲಿಲ್ಲ. ನೀವು ಡಾಕ್ಟ್ರಾ?”

“ಹೌದು.”

“ಸೂಜಿ ಹಾಕೋಕೆ ಬರುತ್ತಾ?”

“ಇಲ್ಲ, ನಾನು ಮನಸ್ಸಿನ...”

“ಸೂಜಿ ಹಾಕೋಕೆ ಬರದೋರನ್ನ ಡಾಕ್ಟ್ರು ಅಂತ ನಾನ್ಯಾಕೆ ನಂಬ್ಲಿ?”

ಸಭೆಯೆಲ್ಲ “ಕೂತ್ಕೊಳೋ” ಎಂದು ಕೂಗಿತು. ಕೂಗದವನು ಒಬ್ಬನೇ, ಕಿಟಕಿಯ ಬಳಿ ಬೇರೆಯಾಗಿ ಕೂತಿದ್ದ ಆಬ್ವಿಯಸ್. ಬಸ್ ಕಂಡಕ್ಟರ್ ಆಗಿದ್ದವನು ಅವನು. ಪ್ರಯಾಣಿಕರು ಇಳಿಯುವ ಜಾಗ ಹೇಳಿದರೂ ನಂಬದೆ ಮತ್ತೆ ಮತ್ತೆ ಕೇಳುತ್ತಿದ್ದನಂತೆ, ಅದಕ್ಕೇ ಕೆಲಸ ಹೋಗಿತ್ತು. ಬಿಳಿ ನಿಲುವಂಗಿಯ ಪ್ರವಾದಿಯೊಬ್ಬ ಭವಿಷ್ಯ ಹೇಳಲು ಬಂದಾಗ, “ಮುಂದಿಂದು ಬಿಡು, ನಿನ್ನೆ ನಾನೇನು ತಿಂದೆ ಹೇಳು” ಎಂದು ಕೇಳಿ ಒದೆ ತಿಂದಿದ್ದ.

ಲೆಕ್ಕ ಹಾಕಿ ನೋಡಿದಾಗ ಬಂದಿದ್ದವರಲ್ಲೆಲ್ಲ ನ್ಜೂಜುವನ್ನು ಚೂರೂ ನಂಬದವರು ಇವರಿಬ್ಬರೇ. ಶುವಾಯಿಗೆ ಸ್ವಲ್ಪ ಕಸಿವಿಸಿಯಾಯಿತು. ಅವಳ ಸಿದ್ಧಾಂತದ ಪ್ರಕಾರ ನಂಬದವರು ಶಾಂತರಾಗಿರಬೇಕಿತ್ತು, ಶಿಸ್ತಿನವರಾಗಿರಬೇಕಿತ್ತು. ಇವರೋ ಜಗಳಗಂಟರು, ಅನುಮಾನದ ಪಿಶಾಚಿಗಳು, ಅಕ್ಕಪಕ್ಕದವರು ಮದುವೆಗೂ ಕರೆಯದ ಜನ. ಪ್ರತಿ ನಿಯಮಕ್ಕೂ ಒಂದಿಷ್ಟು ಅಪವಾದ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಇರುವವರು ಇಬ್ಬರೇ, ಇಬ್ಬರೂ ಅಪವಾದವೇ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರೂ ಅಣೆಕಟ್ಟಿಗೆ ಹೋದರು. ಗೇಟಿನ ಬಳಿ ಹೆಂಗಸೊಬ್ಬಳು ಕೆಂಡದ ಮೇಲೆ ಜೋಳದ ತೆನೆ ಸುಡುತ್ತಿದ್ದಳು. ದಂಡೆಯ ಮೇಲೆ ಕೆಲಸಗಾರರು, ಅವರ ಹಿರಿಯ ಸೆಕುರು ಮರಂಗ್ವಾಂಡಾ. ಅಜ್ಜನ ವಯಸ್ಸಿನವರಿಗೆಲ್ಲ ಸೆಕುರು ಅನ್ನುತ್ತಾರೆ. ಇವನಂತೂ ಊರಿಗೇ ಸೆಕುರು. ನೀರಿನ ಅಂಚಿನಲ್ಲಿ ನಶ್ಯ ಚೆಲ್ಲಿ, ಕೈ ತಟ್ಟಿ, ಒಳಗಿದ್ದವಳ ಅಪ್ಪಣೆ ಕೇಳಿ ಬಂದು ಕೂತಿದ್ದ.

“ಏನಂದ್ಳು ಸೆಕುರು?” ಎಂದು ಹಾರ್ಡ್‌ಲೈಫ್ ಕೆಣಕಿದ.

“ನಿನ್ನಂಥೋನ್ನ ಕಳಿಸ್ಬೇಡಿ, ಬಾಯಿ ಜಾಸ್ತಿ, ನನಗೂ ಬೇಡ ಅಂದ್ಳು.”

ಕೆಲಸಗಾರರು ಗೊಳ್ಳೆಂದರು. ಮಜರುರಾ ಗಡಿಯಾರ ನೋಡಿಕೊಂಡು, “ಆಯ್ತು, ಇಳೀರಿ” ಅಂದ.

“ಮೋಟರ್ ಆಫ್ ಆಗಿದ್ಯಾ?” ಎಂದ ಹಾರ್ಡ್‌ಲೈಫ್.

“ಆಗಿದೆ.”

“ಯಾರು ಹೇಳಿದ್ದು?”

“ನಾನು ಹೇಳ್ತಿದೀನಲ್ಲಯ್ಯ!”

“ನೀವು ಹೇಳಿದ್ದು ಕೇಳಿಸ್ತು. ಆಫ್ ಆಗಿದ್ಯಾ ಅಂತ ಕೇಳ್ದೆ.”

 ಮಜರುರಾ ಪಂಪಿನ ಮನೆಯ ಬಾಗಿಲಲ್ಲಿ ನಿಂತಿದ್ದ ಆಪರೇಟರ್ ಲ್ಯಾಂಗ್ಟನ್ ಕಡೆ ಕೈ ತೋರಿಸಿದ. ಲ್ಯಾಂಗ್ಟನ್ ತಲೆ ಆಡಿಸಿದ. ಆಬ್ವಿಯಸ್ ಅವನನ್ನೇ ದಿಟ್ಟಿಸಿ, “ತಲೆ ಆಡಿಸೋಕೆ ಸಂಬಳ ಕೊಡ್ತಾರೆ, ಆಡಿಸ್ತಾನೆ” ಅಂದ. ಆಮೇಲೆ ಹಗ್ಗ ಜಗ್ಗಿ ನೋಡಿ, ಹಳೆಯದು ಅಂದ. ಹೊಸ ಹಗ್ಗ ಬಂತು. ಒಬ್ಬ ಇಳಿದರೆ ಇನ್ನೊಬ್ಬ ಹಗ್ಗ ಹಿಡಿಯಬೇಕಿತ್ತು. ಅಲ್ಲಿ ಹೊಸ ತಕರಾರು ಶುರುವಾಯಿತು.

“ಇವ್ನ ಕೈಗೆ ನನ್ನ ಹಗ್ಗ ಕೊಡಲ್ಲ,” ಎಂದ ಆಬ್ವಿಯಸ್.

“ನಿನ್ನ ಹಗ್ಗ ಹಿಡಿಯೋಕೆ ನಾನೇನು ಸಾಯ್ತಾ ಇಲ್ಲ,” ಎಂದ ಹಾರ್ಡ್‌ಲೈಫ್. “ಮೊದ್ಲು ಫ್ಯೂಸ್ ಕಿತ್ತು ನನ್ನ ಕೈಗೆ ಕೊಡಿ. ಆಮೇಲೆ ಮಾತು.”

“ಫ್ಯೂಸು ಪುರಸಭೆ ಆಸ್ತಿ,” ಎಂದ ಮಜರುರಾ. “ಹೊರಗಿನೋರ ಕೈಗೆ ಕೊಡೋಕೆ ಬರಲ್ಲ.”

“ಫಿನಿಯಾಸ್ ಒಳಗಿನೋನೇ ತಾನೆ? ಅವನ ಕೈಗೆ ಕೊಟ್ಟಿದ್ರಾ?”

“ಅವನನ್ನ ನ್ಜೂಜು ಕರ್ಕೊಂಡ್ಳು!”

ಹಾರ್ಡ್‌ಲೈಫ್ ಹರಿದ ಕಿವಿ ಕೆರೆದುಕೊಂಡ. “ಸಾಹೇಬ್ರೇ, ನ್ಜೂಜು ಇಲ್ಲ ಅನ್ನೋರೇ ಬೇಕು ಅಂತ ಊರೆಲ್ಲ ಜರಡಿ ಹಿಡಿಸಿ ನಮ್ಮನ್ನ ಕರ್ಸಿದ್ದು ನೀವೇ. ನಾನು ಇಲ್ಲ ಅಂತೀನಿ. ಇವ್ನೂ ಇಲ್ಲ ಅಂತಾನೆ. ಈ ಸೂಜಿ ಇಲ್ಲದ ಡಾಕ್ಟ್ರೂ ಇಲ್ಲ ಅಂತಾರೆ. ಈಗ ಹೇಳಿ, ಫಿನಿಯಾಸ್‌ನ ಕರ್ಕೊಂಡೋರು ಯಾರು?”

 ಮಜರುರಾ ಶುವಾಯಿಯ ತೋಳು ಹಿಡಿಯುವಂತೆ ಬಂದು ಪಕ್ಕಕ್ಕೆ ಕರೆದ.

“ಎಂಥೋರನ್ನ ಹುಡುಕ್ಕೊಂಡು ಬಂದ್ರಿ ಮೇಡಂ! ನ್ಜೂಜುನ ನಂಬದೋರು ಬೇಕು ಅಂದೆ. ನನ್ನನ್ನೂ ನಂಬದೋರು ಬೇಕು ಅಂದ್ನಾ?”

“ಸಾರ್, ಅದು ಸ್ವಭಾವ. ಒಂದನ್ನ...”

“ಬೇರೆ ಬೇರೆಯಾಗಿ ಸಿಗಲ್ವಾ? ಅದನ್ನ ನಂಬಬಾರ್ದು, ನಾವು ಹೇಳಿದ್ದನ್ನ ನಂಬ್ಬೇಕು. ಅಂಥೋರು?”

 ಅಂಥವರು ಖಂಡಿತ ಇದ್ದಾರೆ ಎಂದು ಶುವಾಯಿಗೆ ಅನ್ನಿಸುತ್ತಿತ್ತು, ಯಾರೆಂದು ಹೊಳೆಯುತ್ತಿರಲಿಲ್ಲ. ಅಷ್ಟರಲ್ಲಿ ಗೇಟಿನ ಬಳಿಯಿದ್ದ ಹೆಂಗಸು ಕೈಗೆ ಹತ್ತಿದ ಬೂದಿಯನ್ನು ಒರೆಸಿಕೊಳ್ಳುತ್ತ ಅವಳ ಮುಂದೆ ಬಂದು ನಿಂತಳು. ಸಣ್ಣ ಆಳು, ತಲೆಗೆ ಹಸಿರು ಬಟ್ಟೆ.

“ಡಾಕ್ಟರಮ್ಮ, ನಾನು ತಫಾರಾನ ತಾಯಿ. ಫಿನಿಯಾಸ್‌ನ ಹೆಂಡ್ತಿ.”

ಶುವಾಯಿ ಎರಡೂ ಅಂಗೈ ಮೆಲ್ಲಗೆ ತಟ್ಟಿ ಮಣಿದು ನಮಸ್ಕರಿಸಿದಳು. 

“ಅವ್ರು ಬರೋದು ಈ ಗೇಟಿಂದಾನೇ ಅಂತ ಇಲ್ಲೇ ಕೂತ್ಕೋತೀನಿ. ಅಂಗಡಿ ಗಿಂಗಡಿ ಎಲ್ಲ ನೆಪ. ಅಳಬೇಡ ಅಂದ್ರು, ಅಳ್ಲಿಲ್ಲ. ಮಗು ಅತ್ರೂ ಬಾಯಿ ಮುಚ್ಚಿದೀನಿ. ನೀವು ಓದಿದೋರು. ನ್ಜೂಜು ಇಲ್ಲ ಅಂತ ನಿಮಗೆ ಖಂಡಿತ ಗೊತ್ತಾ?”

ಸಭೆಗಳಲ್ಲಿ, ತರಗತಿಗಳಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಕೂಡ ಶುವಾಯಿ ಈ ಪ್ರಶ್ನೆಗೆ ಎಷ್ಟೋ ಸಲ ನಗುನಗುತ್ತಾ ಉತ್ತರ ಕೊಟ್ಟಿದ್ದಳು. ಉತ್ತರ ಕೇಳಿ ಏನನ್ನಾದರೂ ಕಳೆದುಕೊಳ್ಳುವವರು ಮಾತ್ರ ಎಂದೂ ಕೇಳಿರಲಿಲ್ಲ. ಅವಳಿಗೆ ಒಂದು ಕ್ಷಣ, ಇದ್ದಾಳೆ ತಾಯಿ, ನೀಲಿ ನೀರಿನ ಕೆಳಗೆ ಒಣಗಿದ ಮನೆಯಿದೆ, ನಿನ್ನ ಗಂಡ ಅಲ್ಲಿ ಮದ್ದು ಕಲಿಯುತ್ತಿದ್ದಾನೆ ಎಂದು ಹೇಳಿಬಿಡುವ ಆಸೆಯಾಯಿತು. ಕಲ್ಪನೆಯಲ್ಲಿ ತಾನು ಸೊನ್ನೆ ಎಂದುಕೊಂಡಿದ್ದವಳಿಗೆ ಆ ಮನೆಯ ಬಾಗಿಲು ಕೂಡ ಕಾಣಿಸಿತು.

“ಇಲ್ಲಮ್ಮ,” ಅಂದಳು. “ನ್ಜೂಜು ಇಲ್ಲ.” 

ತಫಾರಾನ ತಾಯಿ ತಲೆ ಆಡಿಸಿದಳು. ತಲೆಯ ಹಸಿರು ಬಟ್ಟೆ ಬಿಚ್ಚಿ ಸೊಂಟಕ್ಕೆ ಬಿಗಿದಳು. ನೆಲಕ್ಕೆ ಕೂತಳು. ಆಮೇಲೆ ಅತ್ತಳು.

ಅದು ಸಣ್ಣ ಅಳುವಲ್ಲ. ವರ್ಷದ ಉದ್ದಕ್ಕೂ ತಡೆ ಹಿಡಿದದ್ದು. ಆ ಸಣ್ಣ ಮೈಯಿಂದ ಬಂದ ಕೂಗು ಅಣೆಕಟ್ಟಿನ ಗೋಡೆಗೆ ಬಡಿದು ಊರಿನ ಕಡೆಗೆ ಹೋಯಿತು. ಬಿಂದಿಗೆ ಹಿಡಿದು ಹೋಗುತ್ತಿದ್ದ ಹೆಂಗಸರು ನಿಂತರು. ನಿಂತವರು ಬಿಂದಿಗೆ ಇಟ್ಟು ಓಡಿ ಬಂದರು. ಬಂದವರು ಅವಳ ಸುತ್ತ ಕೂತು ದನಿಗೂಡಿಸಿದರು. ಪರೀಕ್ಷೆಯಲ್ಲಿ ಗಂಡನಿಗೆ ನಾಲ್ಕು ಕೊಟ್ಟಿದ್ದ ದಪ್ಪ ಹೆಂಗಸು ಎಲ್ಲರಿಗಿಂತ ಜೋರಾಗಿ ಅತ್ತಳು.

ಗಾಬರಿಯಾದವನು ಒಬ್ಬನೇ, ಮಜರುರಾ. ಓದಿದವನು, ನ್ಜೂಜು ಗಿಜೂಜು ಏನೂ ಇಲ್ಲದವನು, ಹೆಂಗಸರ ಸುತ್ತ ಓಡಾಡುತ್ತ ಕೈ ಮುಗಿಯತೊಡಗಿದ.

“ಅಳಬೇಡಮ್ಮ! ಅಳಬಾರ್ದು! ಅತ್ರೆ ಅವ್ನು ಬರಲ್ಲ! ಯಾರಾದ್ರೂ ಅವಳ ಬಾಯಿ ಮುಚ್ಸಿ! ಸೆಕುರು, ಪದ್ಧತಿ ಹೇಳಿ ಅವಳಿಗೆ, ಪದ್ಧತಿ!”

ಸೆಕುರು ಮರಂಗ್ವಾಂಡಾ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಸೀನಿ, ಕಣ್ಣೊರೆಸಿಕೊಂಡ.

“ಪದ್ಧತಿ ಏನಂದ್ರೆ, ಅತ್ತಾಯ್ತು. ಇನ್ಮೇಲೆ ಅವ್ನು ನ್ಜೂಜು ಹತ್ರ ಇಲ್ಲ. ಅವಳೂ ಈ ವಿಷಯದಲ್ಲಿಲ್ಲ. ಇನ್ನು ಇದು ಮನುಷ್ಯರ ವಿಷಯ. ಲ್ಯಾಂಗ್ಟನ್, ಬಾರಪ್ಪ ಇಲ್ಲಿ.”

ಲ್ಯಾಂಗ್ಟನ್ ಬಂದ. 

“ಅವತ್ತು ಮೋಟರ್ ಆನ್ ಮಾಡಿದ್ಯಾ?”

ಲ್ಯಾಂಗ್ಟನ್ ಮಜರುರಾನ ಮುಖ ನೋಡಿದ. ಅಳುವ ಹೆಂಗಸರನ್ನು ನೋಡಿದ. “ಮಂತ್ರಿಗಳು ಬಂದಿದಾರೆ, ಕಾರಂಜಿ ಹಾರ್ತಾ ಇಲ್ಲ, ಈಗ್ಲೇ ಆನ್ ಮಾಡು ಅಂತ ಸಾಹೇಬ್ರು ಫೋನ್ ಮಾಡಿದ್ರು ಸೆಕುರು. ಫಿನಿಯಾಸ್ ಒಳಗಿದಾನೆ ಅಂದೆ. ಒಂದು ಫೋಟೊ ಹೊಡೆಯೋಷ್ಟು ಹೊತ್ತು, ಆಮೇಲೆ ಆಫ್ ಮಾಡು ಅಂದ್ರು.”

“ಆಮೇಲೆ?”

“ಆಫ್ ಮಾಡಿ ಕಾದೆ. ಅವ್ನು ಮೇಲೆ ಬರ್ಲಿಲ್ಲ. ಸಂಜೆ ಸಾಹೇಬ್ರು ಬಂದು, ಇದು ನ್ಜೂಜು ಕೆಲಸಾನೇ ಅಂದ್ರು. ನಾನು ನಂಬ್ದೆ ಸೆಕುರು. ದೇವ್ರಾಣೆ ನಂಬ್ದೆ. ನಂಬಿದ್ಮೇಲೆ ನಿದ್ದೆ ಬಂತು.”

ಊರಿನಲ್ಲಿ ನ್ಜೂಜುವಿನ ಹೆಸರನ್ನು ಮೊದಲು ಎತ್ತಿದವರು ಯಾರು ಎಂದು ಶುವಾಯಿ ಯಾರನ್ನೂ ಕೇಳಿರಲಿಲ್ಲ. ಸೆಕುರು ಎತ್ತಿರಬೇಕು, ಇಲ್ಲವೇ ಯಾರಾದರೂ ಹೆಂಗಸು, ಅಂಜುಬುರುಕರು, ಕಲ್ಪನೆ ಹೆಚ್ಚಿದ್ದವರು ಎಂದು ತಾನೇ ಊಹಿಸಿಕೊಂಡು ಬಿಟ್ಟಿದ್ದಳು. ತೀರಾ ಶಿಸ್ತಿನ, ಸಮಾಧಾನದ, ತೂಗಿ ನೋಡುವ ಮನುಷ್ಯನೊಬ್ಬ ಯೋಚನೆ ಮಾಡಿ ಆ ಹೆಸರು ಎತ್ತಿರಬಹುದು ಎಂಬುದಕ್ಕೆ ಅವಳ ಸಿದ್ಧಾಂತದಲ್ಲಿ ಜಾಗವೇ ಇರಲಿಲ್ಲ.

“ನಾನು ಹೇಳಿದ್ದಲ್ಲ, ಪರಂಪರೆ ಹೇಳೋದು!” ಎಂದು ಮಜರುರಾ ಕಾರಿನ ಕಡೆ ಹೆಜ್ಜೆ ಹಾಕಿದ. ಯಾರೂ ಅವನನ್ನು ತಡೆಯಲಿಲ್ಲ, ಆದರೆ ಯಾರೂ ದಾರಿಯನ್ನೂ ಬಿಡಲಿಲ್ಲ. ಹೆಂಗಸರು ದಾರಿಯ ತುಂಬ ಕೂತಿದ್ದರು. ಪೊಲೀಸರು ಬರುವ ತನಕ ಅವನು ಬಿಸಿಲಿನಲ್ಲಿ ಕಾರಿನೊಳಗೆ ಕಿಟಕಿ ಏರಿಸಿಕೊಂಡು ಕೂತಿದ್ದ. ಹಾರ್ಡ್‌ಲೈಫ್ ಗಾಜಿನ ಹೊರಗೆ ನಿಂತು ಅವನಿಗೆ ಒಂದೊಂದೇ ಪ್ರಶ್ನೆ ಕೇಳುತ್ತಲೇ ಇದ್ದ.

ಜಾಲರಿ ಬಿಡಿಸಲು ಕೊನೆಗೂ ಇಳಿದವರು ಆ ನಂಬದವರಿಬ್ಬರೇ. ಫ್ಯೂಸು ಹಾರ್ಡ್‌ಲೈಫ್‌ನ ಜೇಬಿನಲ್ಲಿತ್ತು. ಆಬ್ವಿಯಸ್ ತನ್ನ ಹಗ್ಗವನ್ನು ಯಾವ ಮನುಷ್ಯನ ಕೈಗೂ ಕೊಡದೆ ದಂಡೆಯ ಮರಕ್ಕೆ ಕಟ್ಟಿದ. ಕಟ್ಟಿದ ಮೇಲೆ ಮರವನ್ನೂ ಒಮ್ಮೆ ಅಲ್ಲಾಡಿಸಿ ನೋಡಿದ. ಸೆಕುರು ಮಾತ್ರ ಅವರು ಬೇಡವೆಂದರೂ ಕೇಳದೆ ಇಬ್ಬರ ಹೆಸರಿನಲ್ಲೂ ನಶ್ಯ ಚೆಲ್ಲಿದ. ಜೊಂಡಿನ ಕೆಳಗೆ, ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಕೊಂಡಂತೆ, ಫಿನಿಯಾಸ್‌ನ ಬೂಟು, ಬೆಲ್ಟು, ಅವನದೆನ್ನಬಹುದಾದ ಉಳಿದದ್ದು ಸಿಕ್ಕಿತು. ಹಾರ್ಡ್‌ಲೈಫ್ ಅದನ್ನು ತನ್ನ ಅಂಗಿಯಲ್ಲಿ ಸುತ್ತಿ ಮೇಲೆ ತಂದ. ಆ ದಿನ ಅವನು ಯಾರ ಜೊತೆಗೂ ಜಗಳವಾಡಲಿಲ್ಲ ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ.

ಫಿನಿಯಾಸ್‌ನ ಮಣ್ಣಿಗೆ ಶುವಾಯಿಯೂ ಹೋದಳು. ಮೆಕ್ಕೆಜೋಳದ ಹಿಟ್ಟಿನ ಸಾಡ್ಜಾ ಮುದ್ದೆ, ಸೊಪ್ಪು, ಬೇಯಿಸಿದ ಮಾಂಸ. ಹೆಂಗಸರ ಜೊತೆ ಚಾಪೆಯ ಮೇಲೆ ಕೂತು ಊಟ ಮಾಡಿದಳು. ತಫಾರಾನ ತಾಯಿ ಅವಳ ತಟ್ಟೆಗೆ ಸೊಪ್ಪು ಬಡಿಸುತ್ತಾ, “ರಾತ್ರಿ ಕನಸಲ್ಲಿ ಬಂದಿದ್ರು ಡಾಕ್ಟರಮ್ಮ. ಕಾಲು ಒದ್ದೆ ಇರ್ಲಿಲ್ಲ” ಅಂದಳು. ಶುವಾಯಿ ಅದಕ್ಕೆ ಯಾವ ಅಂಕಿಯನ್ನೂ ಕೊಡಲಿಲ್ಲ. ಮುದ್ದೆ ಮುರಿದು ಸೊಪ್ಪಿನಲ್ಲಿ ಅದ್ದಿ ತಿಂದಳು.

ನಲ್ಲಿಗಳಲ್ಲಿ ನೀರು ಬಂತು. ವಿಚಾರಣೆಯೂ ನಡೆಯಿತು. ಲ್ಯಾಂಗ್ಟನ್ ಗುಂಡಿ ಒತ್ತಿದವನು ಅಂತ ಅವನ ಕೆಲಸ ಹೋಯಿತು. ಮಜರುರಾ ಒತ್ತು ಅಂದವನಷ್ಟೇ ಆದ್ದರಿಂದ ಅವನನ್ನು ಬೇರೆ ಊರಿಗೆ ವರ್ಗ ಮಾಡಿದರು. ಅದು ಮುತೊರೊಗಿಂತ ದೊಡ್ಡ ಊರು. ತಫಾರಾನ ತಾಯಿಗೆ ಪರಿಹಾರದ ಭರವಸೆ ಸಿಕ್ಕಿತು. ಅದನ್ನು ನಂಬಬೇಡ ಎಂದು ಹಾರ್ಡ್‌ಲೈಫ್ ದಿನಾ ಅವಳ ಮನೆಗೆ ಹೋಗಿ ಹೇಳುತ್ತಿದ್ದ. ಹೇಳಿ ಆದ ಮೇಲೆ ಪುರಸಭೆಗೆ ಹೋಗಿ ಅವಳ ಪರವಾಗಿ ಕೂಗಾಡುತ್ತಿದ್ದ. ಹೊಸ ಅಧಿಕಾರಿ ಅವನನ್ನು ಕಂಡರೆ ಹಿಂಬಾಗಿಲಿನಿಂದ ಹೋಗುತ್ತಾನಂತೆ.

ರಾಜಧಾನಿಗೆ ಬಂದ ಶುವಾಯಿ ತನ್ನ ಪ್ರಬಂಧ ಬರೆಯಲು ಕೂತಳು, ಎದ್ದಳು, ಮತ್ತೆ ಕೂತಳು. ಆ ಇಬ್ಬರನ್ನು ಅಪವಾದವೆಂದು ಕೈಬಿಟ್ಟರೆ ಸಿದ್ಧಾಂತ ಚೆಂದವಾಗಿ ನಿಲ್ಲುತ್ತಿತ್ತು. ಜೊತೆಯ ಅಧ್ಯಾಪಕರು ಹಾಗೇ ಮಾಡು ಅಂದರು. ತೇತೆಗೆ ಫೋನಿನಲ್ಲಿ ಎಲ್ಲ ಹೇಳಿದಾಗ ತೇತೆ, “ಪಾಪ, ಆ ನ್ಜೂಜು ಮೇಲೆ ಸುಮ್ನೆ ಅಪವಾದ ಹೊರಿಸಿದ್ರಲ್ಲೇ” ಎಂದು ಮರುಗಿದಳು.

ಒಂದು ಮಧ್ಯಾಹ್ನ ತರಗತಿ ಮುಗಿಸಿ ಹೊರಬರುತ್ತಿದ್ದಾಗ ಮಜರುರಾನ ಫೋನ್ ಬಂತು.

“ಹೇಗಿದೀರಿ ಮೇಡಂ? ಹಳೇದೆಲ್ಲ ಮರ್ತುಬಿಡೋಣ. ಇಲ್ಲೊಂದು ಸೇತುವೆ ಕೆಲಸ ಇದೆ. ಇಲ್ಲಿ ಜನ ಬಹಳ ಪ್ರಶ್ನೆ ಕೇಳ್ತಾರೆ. ನಿಮ್ಮ ಪರೀಕ್ಷೆ ಇದ್ಯಲ್ಲ, ಅದನ್ನ ಸ್ವಲ್ಪ ತಿರುಗಿಸಿ ಮಾಡೋಕೆ ಬರುತ್ತಾ? ನಂಬೋರನ್ನ ಆರಿಸಿ ಕೊಡ್ಬೇಕು. ದೆವ್ವನಾದ್ರೂ ನಂಬ್ಲಿ, ಭೂತನಾದ್ರೂ ನಂಬ್ಲಿ, ಒಟ್ಟು ನಂಬೋ ಸ್ವಭಾವ ಇರ್ಬೇಕು. ಸಿಗ್ತಾರಾ?”

“ಸಿಗ್ತಾರೆ ಸಾರ್,” ಅಂದಳು ಶುವಾಯಿ. “ಒಬ್ಬಳಂತೂ ನಿಮ್ಮ ಕೋಣೆಯಲ್ಲೇ ಕೂತು ತಣ್ಣಗೆ ಕಿತ್ತಳೆ ರಸ ಕುಡೀತಿದ್ಲು.”

ಅವನಿಗೆ ಅರ್ಥವಾಯಿತೋ ಇಲ್ಲವೋ, “ಹಲೋ, ಹಲೋ” ಅನ್ನುತ್ತಿದ್ದ. ಅವಳು ಫೋನ್ ಇಟ್ಟು, ಆ ಸೇತುವೆ ಯಾವ ಊರಿನದು ಎಂದು ವಿಚಾರಿಸಿಕೊಂಡು, ಅಲ್ಲಿ ಪ್ರಶ್ನೆ ಕೇಳುವುದಕ್ಕೆ ಇನ್ನೊಬ್ಬನಿರಲಿ ಎಂದು ಅಲ್ಲಿಗೆ ಹೋಗುವ ಬಸ್ಸುಗಳ ವಿವರವನ್ನು ಆಬ್ವಿಯಸ್‌ಗೆ ತಿಳಿಸಿದಳು. ಅವನು ಅದನ್ನು ನಂಬದೆ, ಎರಡು ಸಲ ವಾಪಸ್ ಫೋನ್ ಮಾಡಿ ಕೇಳಿದ.